ಕುದಿಸಿದರೂ ಹೋಗದ ಕ್ರೋಮಿಯಂ

ಸುಮಾರು ಇಪ್ಪತ್ತಾರು ವರ್ಷದ ಯುವಕ. ತುಮಕೂರು ಕಡೆಯವನು. ಬೆಂಗಳೂರಿನ ಹೊರವಲಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ. ಮೊದಲ ಬಾರಿ ನನ್ನಲ್ಲಿಗೆ ಬಂದದ್ದು ಬೆರಳಿನ ಗೆಣ್ಣುಗಳ ಮೇಲಿನ ಗಾಯಗಳಿಗಾಗಿ. ಕಡಲೆಕಾಳಿನಷ್ಟು ಅಗಲ, ಅಂಚು ದಪ್ಪ, ನಡುವೆ ಗುಂಡಿ. ನೋವು ಅಷ್ಟಾಗಿ ಇಲ್ಲ. ಸೋಂಕಿರಬಹುದೆಂದು ಮುಲಾಮು ಬರೆದುಕೊಟ್ಟೆ. ಮೂರು ವಾರ ಬಿಟ್ಟು ಮತ್ತೆ ಬಂದ. ಮುಲಾಮು ಬದಲಿಸಿ, ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿದೆ. ಸಕ್ಕರೆ ಸರಿಯಾಗಿಯೇ ಇತ್ತು. ಮೂರನೆಯ ಸಲ ತಾಯಿಯೊಡನೆ ಬಂದಾಗ ದೂರು ಬೇರೆ. ಮೂಗಿನಲ್ಲಿ ಹಕ್ಕಳೆ ಕಟ್ಟುತ್ತದೆ, ಆಗಾಗ ರಕ್ತ ಬರುತ್ತದೆ, ಉಸಿರಾಡುವಾಗ ಒಂದು ಬಗೆಯ ಸದ್ದು. "ರಾತ್ರಿ ಇವನ ಪಕ್ಕ ಮಲಗಿದ್ರೆ ಯಾರೋ ಸೀಟಿ ಊದಿದಂಗಾಗುತ್ತೆ ಡಾಕ್ಟ್ರೇ" ಎಂದರು ತಾಯಿ. ಟಾರ್ಚ್ ಹಿಡಿದು ನೋಡಿದೆ. ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ಒಂದು ತೂತು. ಒಂದು ಹೊಳ್ಳೆಗೆ ಬಿಟ್ಟ ಬೆಳಕು ಇನ್ನೊಂದರಲ್ಲಿ ಕಾಣುತ್ತಿತ್ತು.

ಆಗ ಕೇಳಿದೆ: "ಏನಪ್ಪಾ, ನಿನ್ನ ಕೆಲಸ ಎಂಥದ್ದು?"

"ಕ್ರೋಮ್ ಪ್ಲೇಟಿಂಗ್ ಸಾರ್. ಟ್ಯಾಂಕ್ ಹತ್ರ ನಿಂತು ಪೀಸ್ ಅದ್ದೋದು, ತೆಗೆಯೋದು, ತೊಳೆಯೋದು."

ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ಅವನ ಕಸುಬು ಯಾವುದೆಂಬುದೂ ಸೇರಬೇಕೆಂದು ಇಟಲಿಯ ವೈದ್ಯ ರಾಮಾಜ್ಜಿನಿ 1700ರಲ್ಲೇ ಬರೆದಿಟ್ಟಿದ್ದಾನೆ. ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಸಂಜೆಯ ಹೊತ್ತು ಹೊರಗೆ ಮೂವತ್ತು ಜನ ಕಾದಿರುವಾಗ ಆ ಒಂದು ಪ್ರಶ್ನೆ ಬಿಟ್ಟುಹೋಯಿತು. ಅದಕ್ಕೆ ಎರಡು ತಿಂಗಳು ಬೆಲೆ ತೆತ್ತವನು ಆ ಹುಡುಗ.

ಕೈಯ ಆ ಗುಂಡಿಗಳಿಗೆ ಕ್ರೋಮ್ ಹುಣ್ಣು ಎಂದು ಹೆಸರು. ಬಹುಕಾಲದಿಂದ ಗೊತ್ತಿರುವ ರೋಗ. ಗ್ಲಾಸ್ಗೋ ನಗರದ ಕ್ರೋಮ್ ಬಣ್ಣದ ಕೆಲಸಗಾರನೊಬ್ಬನ ಮೂಗಿನ ನಡುಗೋಡೆ ತೂತಾಗಿ, ಜೊತೆಗೆ ಮೂಗಿನಲ್ಲಿ ಕ್ಯಾನ್ಸರ್ ಕಾಣಿಸಿಕೊಂಡದ್ದನ್ನು 1890ರಲ್ಲೇ ಅಲ್ಲಿನ ವೈದ್ಯರೊಬ್ಬರು ವರದಿ ಮಾಡಿದ್ದರು. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲಿ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಕ್ರೋಮ್ ಹುಣ್ಣು ಇತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಪಟ್ಟಿಯಲ್ಲೂ ಇದೆ.

ಕ್ರೋಮಿಯಂ ಲೋಹಕ್ಕೆ ಎರಡು ಮುಖ. ರಸಾಯನಶಾಸ್ತ್ರಜ್ಞರು ಕ್ರೋಮಿಯಂ ಮೂರು, ಕ್ರೋಮಿಯಂ ಆರು ಎನ್ನುತ್ತಾರೆ. ಮೂರನೆಯದು ಹಸಿರು ಬಣ್ಣದ್ದು, ಸಾಧು. ಜೀವಕೋಶದೊಳಗೆ ಸುಲಭವಾಗಿ ನುಗ್ಗಲಾರದು. ಆರನೆಯದು ಹಳದಿ ಅಥವಾ ಕಿತ್ತಳೆ ಬಣ್ಣದ್ದು. ನಮ್ಮ ಜೀವಕೋಶಗಳಿಗೆ ದಿನವೂ ಬೇಕಾದ ಸಲ್ಫೇಟ್, ಫಾಸ್ಫೇಟ್‌ಗಳ ಆಕಾರವನ್ನೇ ಹೋಲುವುದರಿಂದ ಅವುಗಳಿಗಾಗಿ ತೆರೆದ ಬಾಗಿಲಿನಿಂದಲೇ ಒಳಗೆ ಹೋಗುತ್ತದೆ. ಒಳಹೊಕ್ಕ ಮೇಲೆ ಮೂರಾಗಿ ಬದಲಾಗುವ ಹಾದಿಯಲ್ಲಿ ವಂಶತಂತುಗಳಿಗೆ ಪೆಟ್ಟು ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1990ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಉಸಿರಿನ ಮೂಲಕ ವರ್ಷಗಟ್ಟಲೆ ಹೋದರೆ ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ನೀರಿನ ಮೂಲಕ ಹೊಟ್ಟೆಗೆ ಹೋದರೆ ಜಠರದ ಆಮ್ಲ ಒಂದಷ್ಟನ್ನು ಮೂರಾಗಿಸಿಬಿಡುತ್ತದೆ. ಉಳಿದದ್ದು ರಕ್ತಕ್ಕೆ ಸೇರುತ್ತದೆ.

ನೀರಿನ ಮಾತು ಬಂದದ್ದು ಹೀಗೆ. ವರ್ಕ್‌ಶಾಪಿನ ಹಿಂದಿನ ಬೀದಿಯಲ್ಲೇ ಅವರ ಬಾಡಿಗೆ ಮನೆ, ಅಲ್ಲೇ ಕೊಳವೆಬಾವಿ. "ನೀರು ಒಂಚೂರು ಹಳದಿ ಅನ್ಸುತ್ತೆ. ಆದ್ರೆ ನೀವು ಹೇಳಿದ್ರಲ್ಲ, ಚೆನ್ನಾಗಿ ಕುದಿಸೇ ಕುಡೀತೀವಿ" ಎಂದರು ತಾಯಿ. ಭೇದಿ ಬಂದಾಗ ನಾನೇ ಕೊಟ್ಟ ಸಲಹೆ ಅದು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಲೋಹ ಸಾಯುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಪಾತ್ರೆಯಲ್ಲಿ ಉಳಿದದ್ದರಲ್ಲಿ ಅದರ ಪ್ರಮಾಣ ತುಸು ಏರುತ್ತದೆ. ಕ್ಯಾಂಡಲ್ ಫಿಲ್ಟರಿನಿಂದಲೂ ಇದು ನಿಲ್ಲದು, ಕ್ಲೋರಿನ್ ಮಾತ್ರೆಯಿಂದಲೂ ಹೋಗದು. ಆರ್.ಓ. ಯಂತ್ರ ಬಹುಪಾಲನ್ನು ತಡೆಯುತ್ತದೆ ನಿಜ. ಆದರೆ ಅದು ಹೊರಹಾಕುವ ನೀರಿನಲ್ಲಿ ಕ್ರೋಮಿಯಂ ಇನ್ನಷ್ಟು ಗಟ್ಟಿಯಾಗಿರುತ್ತದೆ, ಅದು ಮತ್ತೆ ಚರಂಡಿಗೇ ಹೋಗುತ್ತದೆ. ನೀರಿನಲ್ಲಿ ಹಳದಿ ಛಾಯೆ ಕಣ್ಣಿಗೆ ಬೀಳುವ ಹೊತ್ತಿಗೆ ಕ್ರೋಮಿಯಂ ಮಿತಿಯನ್ನು ಎಷ್ಟೋ ಪಟ್ಟು ಮೀರಿರುತ್ತದೆ. ಆ ಬಾವಿಯ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿರೆಂದು ಅಂದೇ ಹೇಳಿದೆ.

ಒಂದು ಸಣ್ಣ ಲೆಕ್ಕ ನೋಡಿ. ಪ್ಲೇಟಿಂಗ್ ತೊಟ್ಟಿಯ ಒಂದು ಲೀಟರ್ ದ್ರವದಲ್ಲಿ ಸಾಮಾನ್ಯವಾಗಿ 250 ಗ್ರಾಂನಷ್ಟು ಕ್ರೋಮಿಕ್ ಆಮ್ಲ ಇರುತ್ತದೆ. ಅದರಲ್ಲಿ ಕ್ರೋಮಿಯಂ ಪಾಲು 130 ಗ್ರಾಂ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕ ಒಪ್ಪುವುದು ಲೀಟರಿಗೆ 0.05 ಮಿಲಿಗ್ರಾಂ ಮಾತ್ರ. ಅಂದರೆ ತೊಟ್ಟಿಯ ಒಂದೇ ಒಂದು ಲೀಟರ್ ದ್ರವ 26 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. 6000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 430ಕ್ಕೂ ಹೆಚ್ಚು ಟ್ಯಾಂಕರ್. ಇನ್ನು ಮನೆಮನೆಯ ಫಿಲ್ಟರ್ ಎಷ್ಟರ ಮಟ್ಟಿಗೆ ಕಾಪಾಡೀತು? ಹಿಡಿಯಬೇಕಾದದ್ದು ಕಾರ್ಖಾನೆಯೊಳಗೇ.

ಹಿಡಿಯುವ ವಿದ್ಯೆ ಹೊಸದಲ್ಲ, ದುಬಾರಿಯೂ ಅಲ್ಲ. ತೊಳೆದ ಹಳದಿ ನೀರಿಗೆ ಮೊದಲು ಫೆರಸ್ ಸಲ್ಫೇಟ್ ಹಾಕುತ್ತಾರೆ. ನಮ್ಮ ಹಿರಿಯರು ಅನ್ನಭೇದಿ ಎನ್ನುತ್ತಿದ್ದುದು ಇದನ್ನೇ. ಬಸುರಿಯರಿಗೆ ಕೊಡುತ್ತಾ ಬಂದ ಕಬ್ಬಿಣದ ಮಾತ್ರೆಗಳಲ್ಲೂ ಇರುವುದು ಇದೇ ಲವಣ. ಇದು ಕ್ರೋಮಿಯಂ ಆರನ್ನು ಮೂರಾಗಿಸುತ್ತದೆ. ಕೆಲವರು ಆಮ್ಲ ಸೇರಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಬಳಸುತ್ತಾರೆ. ಆಮೇಲೆ ಸುಣ್ಣ ಹಾಕಿ ಹುಳಿಯನ್ನು ಮುರಿದರೆ ಕ್ರೋಮಿಯಂ ಮೂರು ಹಸಿರು ಗಸಿಯಾಗಿ ತಳಕ್ಕೆ ಕೂರುತ್ತದೆ. ಕ್ರಮ ಮಾತ್ರ ತಪ್ಪಬಾರದು. ಮೊದಲ ಹಂತ ಬಿಟ್ಟು ಬರೀ ಸುಣ್ಣ ಸುರಿದರೆ ಕ್ರೋಮಿಯಂ ಆರು ಕದಲುವುದೇ ಇಲ್ಲ, ನೀರಿನೊಡನೆ ಹಾಗೇ ಹೊರಟುಹೋಗುತ್ತದೆ. ಹೊಳೆ, ಕೆರೆಗೆ ಬಿಡುವ ತ್ಯಾಜ್ಯನೀರಿನಲ್ಲಿ ಕ್ರೋಮಿಯಂ ಆರು ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂದು ನಿಯಮವಿದೆ. ಈ ಹಳೆಯ ವಿಧಾನವನ್ನು ಸರಿಯಾಗಿ ಮಾಡಿದರೆ ಅದನ್ನು ಮುಟ್ಟಬಹುದು.

ತೊಡಕಿರುವುದು ಆ ಹಸಿರು ಗಸಿಯಲ್ಲಿ. ಹಿತ್ತಲಲ್ಲಿ ಗುಡ್ಡೆ ಹಾಕಿದರೆ ಮಣ್ಣಿನ ಮ್ಯಾಂಗನೀಸ್ ಆಕ್ಸೈಡ್ ಅದರಲ್ಲೊಂದು ಪಾಲನ್ನು ನಿಧಾನವಾಗಿ ಮತ್ತೆ ಆರಾಗಿಸಬಲ್ಲದು. ಹಾಗಾಗಿ ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿ, ತಳಕ್ಕೆ ಪದರ ಹಾಸಿದ ಪ್ರತ್ಯೇಕ ಜಾಗಕ್ಕೆ ಸಾಗಿಸಬೇಕು. ಇದಕ್ಕೆ ತಗಲುವ ಖರ್ಚನ್ನು ಉಳಿಸಲು ಹೋಗಿಯೇ ಎಷ್ಟೋ ಕಡೆ ಅನಾಹುತವಾಗಿದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿ ತಮಿಳುನಾಡಿನಲ್ಲಿ ರಾಣಿಪೇಟೆಯನ್ನು ಹಾದುಹೋಗುತ್ತದೆ. ಅಲ್ಲಿ 1990ರ ದಶಕದ ಮಧ್ಯದಲ್ಲಿ ಮುಚ್ಚಿದ ಕ್ರೋಮೇಟ್ ಕಾರ್ಖಾನೆಯೊಂದು ಲಕ್ಷಕ್ಕೂ ಹೆಚ್ಚು ಟನ್ ಕ್ರೋಮಿಯಂ ತ್ಯಾಜ್ಯವನ್ನು ಬಯಲಿನಲ್ಲೇ ಬಿಟ್ಟುಹೋಯಿತು. ಮಳೆ ಬಂದಾಗಲೆಲ್ಲ ಅದು ನೆಲಕ್ಕಿಳಿಯುತ್ತಾ ಬಂತು. ಅಮೆರಿಕದ ಕ್ಯಾಲಿಫೋರ್ನಿಯಾದ ಹಿಂಕ್ಲಿ ಎಂಬ ಊರಿನಲ್ಲಿ 1952ರಿಂದ 1966ರವರೆಗೆ ಅನಿಲ ಸಾಗಣೆ ಕೇಂದ್ರವೊಂದು ತನ್ನ ಕ್ರೋಮಿಯಂ ನೀರನ್ನು ತಳ ಮುಚ್ಚದ ಹೊಂಡಗಳಿಗೆ ಬಿಟ್ಟಿತ್ತು. 1996ರಲ್ಲಿ 33.3 ಕೋಟಿ ಡಾಲರ್ ಪರಿಹಾರ ತೆತ್ತ ಮೇಲೂ ಅಂತರ್ಜಲ ಸ್ವಚ್ಛವಾಗಲಿಲ್ಲ. ನೆಲದಾಳಕ್ಕೆ ಮದ್ಯಸಾರ ಇಳಿಸಿ, ಅದನ್ನು ಉಂಡು ಬೆಳೆಯುವ ಬ್ಯಾಕ್ಟೀರಿಯಾಗಳಿಂದ ಆರನ್ನು ಮೂರಾಗಿಸುವ ಕೆಲಸ ದಶಕಗಳ ಕಾಲ ನಡೆದಿದೆ. ನಮ್ಮ ಪೀಣ್ಯದಲ್ಲೂ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಕ್ರೋಮಿಯಂ ಆರು ಇರುವುದನ್ನು ಪರೀಕ್ಷೆಗಳು ತೋರಿಸಿವೆ.

ಆದ್ದರಿಂದಲೇ ಸಂಶೋಧಕರ ಗಮನ ಈಗ ತ್ಯಾಜ್ಯವನ್ನು ತೊಳೆಯುವುದಕ್ಕಿಂತ ತ್ಯಾಜ್ಯವೇ ಹುಟ್ಟದಂತೆ ಕೆಲಸದ ರೀತಿಯನ್ನು ತಿದ್ದುವುದರ ಕಡೆ ಹೆಚ್ಚಾಗಿದೆ. ಇದರಲ್ಲಿ ಕೆಲವು ಉಪಾಯಗಳು ಎಷ್ಟು ಸರಳವೆಂದರೆ ಗೃಹಿಣಿಯರಿಗೆ ಹೇಳಿಕೊಡಬೇಕಾದ್ದೇ ಇಲ್ಲ. ಬಾಣಲೆಯಿಂದ ಪೂರಿ ತೆಗೆದಾಗ ಜಾಲರಿ ಸೌಟನ್ನು ಎಣ್ಣೆಯ ಮೇಲೇ ಒಂದು ಗಳಿಗೆ ಹಿಡಿಯುತ್ತೀರಲ್ಲವೆ? ಪ್ಲೇಟಿಂಗ್ ಆದ ಸಾಮಾನನ್ನೂ ಹಾಗೇ ತೊಟ್ಟಿಯ ಮೇಲೆ ಅರ್ಧ ನಿಮಿಷ ತೂಗುಹಾಕಿದರೆ ಅಂಟಿದ ದ್ರವದಲ್ಲಿ ಒಳ್ಳೆಯ ಪಾಲು ಬಸಿದು ತೊಟ್ಟಿಗೇ ಬೀಳುತ್ತದೆ. ಅವಸರದಲ್ಲಿ ಎಳೆದು ನೇರ ತೊಳೆಯುವ ನೀರಿಗೆ ಹಾಕಿದರೆ ಅಷ್ಟೂ ಚರಂಡಿಯ ಪಾಲು.

ಇನ್ನೊಂದು ತೊಳೆಯುವ ರೀತಿ. ಗಂಟೆಗೆ ಒಂದು ಲೀಟರ್ ದ್ರವ ಸಾಮಾನಿಗೆ ಅಂಟಿ ಬರುತ್ತದೆನ್ನಿ, ಅದನ್ನು ಸಾವಿರದಲ್ಲೊಂದು ಪಾಲಿಗೆ ಇಳಿಸಬೇಕು. ಒಂದೇ ತೊಟ್ಟಿಯಲ್ಲಿ ತೊಳೆದರೆ ಗಂಟೆಗೆ 1000 ಲೀಟರ್ ನೀರು ಹರಿಸಬೇಕು. ಎರಡು ತೊಟ್ಟಿ ಸಾಲಾಗಿಟ್ಟು, ಹೊಸ ನೀರನ್ನು ಕೊನೆಯ ತೊಟ್ಟಿಗೆ ಮಾತ್ರ ಬಿಟ್ಟು, ಅಲ್ಲಿಂದ ಹಿಂದಿನದಕ್ಕೆ ಹರಿಸಿದರೆ ಸುಮಾರು 32 ಲೀಟರ್ ಸಾಕು. ಮೂರು ತೊಟ್ಟಿಯಾದರೆ 10 ಲೀಟರ್! ಮೂರು ಬೋಗುಣಿ ಇಟ್ಟುಕೊಂಡು ಪಾತ್ರೆ ತೊಳೆಯುವ ಮನೆಯ ಲೆಕ್ಕಾಚಾರವೇ ಇದು. ಪ್ಲೇಟಿಂಗ್ ತೊಟ್ಟಿ ಬಿಸಿಯಾಗಿರುವುದರಿಂದ ಅದರ ನೀರು ಆವಿಯಾಗುತ್ತಲೇ ಇರುತ್ತದೆ. ಮೊದಲ ತೊಟ್ಟಿಯಲ್ಲಿ ಸೇರಿದ ಗಟ್ಟಿ ನೀರನ್ನು ಆ ಜಾಗಕ್ಕೇ ತುಂಬಬಹುದು. ಆಗ ಕ್ರೋಮಿಕ್ ಆಮ್ಲದ ಖರ್ಚೂ ಉಳಿಯಿತು, ಅನ್ನಭೇದಿಯೂ ಉಳಿಯಿತು, ಗಸಿಯೂ ಕಡಿಮೆ.

ಹಾಗಾದರೆ ಎಲ್ಲರೂ ಯಾಕೆ ಮಾಡುವುದಿಲ್ಲ? ಎರಡು ಹೆಚ್ಚಿನ ತೊಟ್ಟಿ ಇಡಲು ಜಾಗವಿಲ್ಲ ಎನ್ನುತ್ತಾರೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಪುಕ್ಕಟೆ ಕೊಳವೆಬಾವಿ ನೀರು ಸಿಗುವವರೆಗೆ ಹತ್ತು ಲೀಟರಿನ ಲೆಕ್ಕ ಯಾರಿಗೆ ಬೇಕು ಎಂಬುದು ಇನ್ನೂ ದೊಡ್ಡ ನಿಜ ಎಂದು ನನಗೆ ತೋರುತ್ತದೆ.

ಮೂಗು ತೂತಾಗುವುದಕ್ಕೆ ಕಾರಣ ನೀರಲ್ಲ, ಮಂಜು. ತೊಟ್ಟಿಗೆ ಕೊಟ್ಟ ವಿದ್ಯುತ್ತಿನಲ್ಲಿ ಲೋಹದ ಲೇಪಕ್ಕೆ ಬಳಕೆಯಾಗುವುದು ಐದನೆಯ ಒಂದು ಭಾಗಕ್ಕಿಂತ ಹೆಚ್ಚಿರುವುದು ಅಪರೂಪ. ಉಳಿದದ್ದರಲ್ಲಿ ಬಹುಪಾಲು ಜಲಜನಕದ ಗುಳ್ಳೆಗಳಾಗಿ ಮೇಲೇಳುತ್ತದೆ. ಗುಳ್ಳೆ ಒಡೆದಾಗ ಸಿಡಿಯುವ ತುಂತುರಿನಲ್ಲಿ ಕ್ರೋಮಿಕ್ ಆಮ್ಲ. ತೊಟ್ಟಿಯ ಅಂಚಿನಲ್ಲೇ ಗಾಳಿ ಎಳೆಯುವ ಕೊಳವೆ, ದ್ರವದ ಮೇಲೆ ತೇಲುವ ಪ್ಲಾಸ್ಟಿಕ್ ಗೋಲಿಗಳು, ಮಂಜು ತಗ್ಗಿಸುವ ರಾಸಾಯನಿಕ ಇವೆಲ್ಲ ಇದಕ್ಕೆ ಉಪಾಯ. ಎಲ್ಲಕ್ಕಿಂತ ಮೇಲಿನದು ತೊಟ್ಟಿಗೇ ಕ್ರೋಮಿಯಂ ಮೂರನ್ನು ಹಾಕುವುದು. ನಲ್ಲಿ, ಹಿಡಿಕೆಗಳಂಥ ಅಲಂಕಾರದ ಲೇಪಕ್ಕೆ ಇದು 1970ರ ದಶಕದಿಂದ ಬಳಕೆಗೆ ಬಂದಿದೆ. ಯಂತ್ರಭಾಗಗಳ ಗಡಸು ದಪ್ಪ ಲೇಪಕ್ಕೆ ಅಷ್ಟು ಸುಲಭವಾಗಿ ಒಗ್ಗಿಲ್ಲ. ಯುರೋಪ್ ಒಕ್ಕೂಟ 2017ರ ಸೆಪ್ಟೆಂಬರಿನಿಂದ ವಿಶೇಷ ಅನುಮತಿ ಇಲ್ಲದೆ ಕ್ರೋಮಿಕ್ ಆಮ್ಲ ಬಳಸುವಂತಿಲ್ಲವೆಂದು ಗೊತ್ತುಮಾಡಿದ ಮೇಲೆ ಆ ಸಂಶೋಧನೆಗೆ ವೇಗ ಬಂದಿತು.

ಚರ್ಮ ಹದ ಮಾಡುವಲ್ಲಿ ಈಗ ಬಳಸುವುದು ಕ್ರೋಮಿಯಂ ಮೂರನ್ನೇ. ಹಳೆಯ ವಿಧಾನದಲ್ಲಿ ಚರ್ಮ ಹೀರುವುದು ಶೇಕಡಾ 60ರಿಂದ 70, ಮಿಕ್ಕದ್ದು ನೀರಿಗೆ. 1948ರಲ್ಲಿ ಆರಂಭವಾದ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಈ ಹಂತದಲ್ಲಿ ನೀರನ್ನೇ ಸೇರಿಸದೆ ಹದ ಮಾಡುವ ತಂತ್ರವನ್ನು ರೂಪಿಸಿ ಕಾರ್ಖಾನೆಗಳಿಗೆ ಕೊಟ್ಟಿದೆ.

ಅನ್ನಭೇದಿಯ ಇನ್ನೊಂದು ಉಪಯೋಗ ಹೇಳಿಬಿಡುತ್ತೇನೆ. ಸಿಮೆಂಟಿನಲ್ಲೂ ತುಸು ಕ್ರೋಮಿಯಂ ಆರು ಇರುತ್ತದೆ. ಗಾರೆ ಕೆಲಸದವರ ಕೈಗಳಲ್ಲಿ ಬಿರುಕು, ಕಜ್ಜಿ ವಾಸಿಯಾಗದೆ ಉಳಿಯುವುದಕ್ಕೆ ಅದರ ಅಲರ್ಜಿ ಒಂದು ಮುಖ್ಯ ಕಾರಣ. ಯುರೋಪಿನಲ್ಲಿ 2005ರಿಂದ ಇದಕ್ಕೆ ಮಿತಿ ಹಾಕಿದ್ದಾರೆ. ಅದನ್ನು ಪಾಲಿಸಲು ಸಿಮೆಂಟಿಗೇ ಫೆರಸ್ ಸಲ್ಫೇಟ್ ಬೆರೆಸುತ್ತಾರೆ.

ಮನೆಯಲ್ಲಿ ಯಾರಾದರೂ ಪ್ಲೇಟಿಂಗ್ ಕೆಲಸಕ್ಕೆ ಹೋಗುತ್ತಿದ್ದರೆ ಅವರ ಬೆರಳ ಗೆಣ್ಣು, ಉಗುರಿನ ಬುಡ, ಮುಂಗೈ ನೋಡುತ್ತಿರಿ. ನೋವಿಲ್ಲದ ಗುಂಡಿ ಕಂಡರೆ, ಮೂಗಿನಲ್ಲಿ ಹಕ್ಕಳೆ ಅಥವಾ ರಕ್ತ ಕಂಡರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ, ಏನು ಕೆಲಸವೆಂದು ನೀವಾಗಿಯೇ ಹೇಳಿ. ನನ್ನಂಥವರು ಕೇಳುವುದನ್ನು ಮರೆತಿರಬಹುದು. ತೂತು ಬಿದ್ದ ಗವಸು ಗವಸೇ ಇಲ್ಲದ್ದಕ್ಕಿಂತ ಕೆಟ್ಟದ್ದು, ಆಮ್ಲ ಒಳಗೇ ನಿಲ್ಲುತ್ತದೆ. ದ್ರವ ಸಿಡಿದರೆ ಆಗಲೇ ಹರಿಯುವ ನೀರಿನಲ್ಲಿ ತೊಳೆಯಬೇಕು. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ನೆನೆಹಾಕಬೇಡಿ. ಮೂಗಿಗೆ ವ್ಯಾಸಲೀನ್ ಹಚ್ಚುವುದು ಹಳೆಯ ರೂಢಿ, ಹಚ್ಚಲಿ. ಗಾಳಿ ಎಳೆಯುವ ಕೊಳವೆಗೆ ಅದು ಬದಲಿಯಲ್ಲ. ಇ.ಎಸ್.ಐ. ಇದ್ದರೆ ಕಾರ್ಡು ತೋರಿಸಿ, ಕ್ರೋಮಿಯಂ ರೋಗಗಳು ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿವೆ. ಇಂಥ ಪ್ರದೇಶದ ಕೊಳವೆಬಾವಿ ನೀರನ್ನು ಪರೀಕ್ಷೆಗೆ ಕೊಡುವಾಗ "ಹೆಕ್ಸಾವೇಲೆಂಟ್ ಕ್ರೋಮಿಯಂ" ಎಂದು ಬರೆಸಿಯೇ ಕೊಡಿ. ಮಾಮೂಲಿ ಪರೀಕ್ಷೆಯಲ್ಲಿ ಅದನ್ನು ನೋಡುವುದಿಲ್ಲ.

ಆ ಹುಡುಗ ಈಗ ಪ್ಯಾಕಿಂಗ್ ವಿಭಾಗದಲ್ಲಿದ್ದಾನೆ. ಕೈ ಹುಣ್ಣು ಮಾಗಿ ಗುರುತು ಉಳಿದಿದೆ. ಮೂಗಿನ ತೂತು ತಾನಾಗಿ ಮುಚ್ಚುವಂಥದ್ದಲ್ಲ. ಮೊನ್ನೆ ಬಂದ ತಾಯಿ ಇನ್ನೊಂದು ಅನುಮಾನ ಕೇಳಿದರು: ಸ್ಟೀಲ್ ಪಾತ್ರೆಯಲ್ಲೂ ಕ್ರೋಮಿಯಂ ಇದೆಯಂತೆ, ಅದರಲ್ಲಿ ಸಾರು ಮಾಡಬಹುದೇ? ಧಾರಾಳವಾಗಿ ಮಾಡಬಹುದು. ಅದು ಲೋಹರೂಪದಲ್ಲಿ ಉಕ್ಕಿನೊಳಗೆ ಬಿಗಿಯಾಗಿ ಕೂತಿರುವ ಕ್ರೋಮಿಯಂ. ಹುಣಸೆಹುಳಿಗೆ ಒಂದಿಷ್ಟು ಬಿಟ್ಟುಕೊಟ್ಟರೂ ಅದು ಮೂರನೆಯದೇ ಹೊರತು ಆರನೆಯದಲ್ಲ.