ಗೋಕಾಕದ ತಾಮ್ರಪಟದಲ್ಲಿ ಒಂದು ಲೆಕ್ಕ: ಸೇಂದ್ರಕರು ಯಾರು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಬಂದ ನಮ್ಮನ್ನ ಕ್ಯಾಂಪಸ್ಸಿನಲ್ಲಿ ಎಲ್ಲರೂ ಕೇಳೋದು ಎರಡೇ: ಫಾಲ್ಸ್‌ನಲ್ಲಿ ನೀರಿದೆಯಾ, ಕರದಂಟು ತಂದ್ಯಾ? ನಮಗೂ ಅಷ್ಟೇ ಗೊತ್ತಿತ್ತು. ಆಮೇಲೆ ಗೋಕಾಕದಲ್ಲಿ ಸಿಕ್ಕ ಒಂದು ತಾಮ್ರಪಟದ ಬಗ್ಗೆ ಓದಿದೆವು.

ಅದನ್ನು ಬರೆಸಿದವನು ಸೇಂದ್ರಕ ವಂಶದ ಇಂದ್ರಣಂದ, ವಿಜಯಾನಂದನ ಮಗ. ರಾಷ್ಟ್ರಕೂಟ ದೆಜ್ಜ ಮಹಾರಾಜನ ಅಧೀನದಲ್ಲಿದ್ದವನು. ಜಲಾರ ಎಂಬ ಗ್ರಾಮದ ಭೂಮಿಯನ್ನು ಜೈನ ಆಚಾರ್ಯ ಆರ್ಯನಂದಿಗೆ ದಾನ ಕೊಟ್ಟ.

ಈಗ ಲೆಕ್ಕ

ಪಟದಲ್ಲಿರುವ ಕಾಲ: ‘ಆಗುಪ್ತಾಯಿಕ’ ರಾಜರ 845 ವರ್ಷ ಕಳೆದ ಮೇಲೆ. ಸೊನ್ನೆ ಎಲ್ಲಿಂದ?

ಶಕವರ್ಷ ಅಂತ ಹಿಡಿದರೆ 845 + 78 = ಕ್ರಿ.ಶ. 923.
ಗುಪ್ತಶಕ ಅಂದರೆ 845 + 319 = 1164.
ವಿಕ್ರಮಶಕ ಅಂದರೆ 845 – 57 = 788.

ಮೂರೂ ತಪ್ಪು. ಯಾಕಂದ್ರೆ ಲಿಪಿ 6–7ನೇ ಶತಮಾನದ್ದು. ಹಾಗಾದರೆ ಸೊನ್ನೆ ಕ್ರಿ.ಪೂ. 4ರಿಂದ 2ನೇ ಶತಮಾನದೊಳಗೆ ಎಲ್ಲೋ ಬೀಳಬೇಕು, ಅಂದರೆ ಹೆಚ್ಚುಕಮ್ಮಿ ಮೌರ್ಯರ ಕಾಲ! ‘ಗುಪ್ತ’ ಅಂದರೆ ಚಂದ್ರಗುಪ್ತ ಮೌರ್ಯನೇ ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ; ತೀರ್ಮಾನವಾಗಿಲ್ಲ. ರೀಡಿಂಗ್ ಇದೆ, ರೆಫರೆನ್ಸ್ ಕಳೆದುಹೋಗಿದೆ.

ಅವರ ಜಾಗ

ಸೇಂದ್ರಕರು ತಮ್ಮನ್ನು ನಾಗವಂಶದವರು ಎಂದುಕೊಂಡರು. ಮೊದಲು ಕದಂಬರಿಗೆ, ಆಮೇಲೆ ಬಾದಾಮಿ ಚಾಲುಕ್ಯರಿಗೆ ಸಾಮಂತರು. ಬನವಾಸಿ ಕಡೆಯ ನಾಗರಖಂಡವನ್ನು ಆಳಿದರು. ಅವರ ಒಂದು ಶಾಖೆ ದಕ್ಷಿಣ ಗುಜರಾತಿನವರೆಗೂ ಹೋಯಿತು. ಹರ್ಷನನ್ನು ತಡೆದ ಇಮ್ಮಡಿ ಪುಲಕೇಶಿಯ ಸೋದರಮಾವ ಸೇನಾನಂದ ಸೇಂದ್ರಕನೇ ಎಂದು ಚಿಪಳೂಣ ತಾಮ್ರಪಟ ಹೇಳುತ್ತದೆ. ಅಂದರೆ ಪುಲಕೇಶಿ ಸೇಂದ್ರಕರ ಮಗಳ ಮಗ. ಪರೀಕ್ಷೆಗೆ ನಾವು ಓದಿದ್ದು ಪುಲಕೇಶಿಯನ್ನು ಮಾತ್ರ. ತಾಯಿಯ ತವರು ‘ಸಾಮಂತರು’ ಅನ್ನೋ ಒಂದೇ ಪದದಲ್ಲಿ ಮುಗಿದುಹೋಯಿತು.

ಅವರು ಉಳಿದಿರೋದು ತಗಡು ಮತ್ತು ಕಲ್ಲಿನ ಮೇಲೆ. ಗೋಕಾಕದ ಪಟವನ್ನು ಯಾರಾದರೂ ಕರಗಿಸಿ ಕೊಡ ಮಾಡಿದ್ದರೆ ಇಂದ್ರಣಂದನೂ ಇಲ್ಲ, ದೆಜ್ಜನೂ ಇಲ್ಲ, 845ರ ಲೆಕ್ಕವೂ ಇಲ್ಲ.

ಅದಕ್ಕೇ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡೋಣ. ಹೊಲದಲ್ಲಿ, ಗುಡಿಯ ಹಿಂದೆ, ಅಟ್ಟದ ಮೇಲೆ ಅಕ್ಷರ ಇರುವ ಕಲ್ಲು ಅಥವಾ ತಗಡು ಕಂಡರೆ ತಿಕ್ಕಬಾರದು, ಬಣ್ಣ ಬಳಿಯಬಾರದು, ಗುಜರಿಗಂತೂ ಕೊಡಲೇಬಾರದು. ಫೋಟೋ ತೆಗೆದು ಇತಿಹಾಸದ ಮಾಸ್ತರರಿಗೆ ತೋರಿಸೋಣ. ಕಳೆದುಹೋದ ಆ ರೆಫರೆನ್ಸ್ ನಮ್ಮೂರಲ್ಲೇ ಇರಬಹುದು.