ಹಸಿದವರ ಸರದಿ

ಮೈಸೂರಿನಿಂದ ನಂಜನಗೂಡಿನ ಮಾರ್ಗವಾಗಿ ದಕ್ಷಿಣಕ್ಕೆ ಸಾಗುವ ಹೆದ್ದಾರಿಯು ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಕಾಡನ್ನು ಹಾಯ್ದು ಉದಕಮಂಡಲದ ಕಡೆಗೂ ಮತ್ತೊಂದು ಸುಲ್ತಾನ್ ಬತ್ತೇರಿಯ ಮೂಲಕ ಕೋಳಿಕ್ಕೋಡಿನ ಕಡೆಗೂ ಹೋಗುತ್ತದೆ. ವನ್ಯಪ್ರಾಣಿಗಳ ರಕ್ಷಣೆಗಾಗಿ ಈ ಕಾಡುದಾರಿಗಳಲ್ಲಿ ರಾತ್ರಿ 9 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ, ಕೆಲವೇ ವಾಹನಗಳ ಹೊರತು, ಸಂಚಾರವನ್ನು ನಿಷೇಧಿಸುವ ಕ್ರಮವು 2009ರಲ್ಲಿ ಬಂದಿತು. ಊಟಿಯ ದಾರಿಯ ಮೇಲುಕಾಮನಹಳ್ಳಿ, ಕೇರಳದ ದಾರಿಯ ಮದ್ದೂರು, ಈ ಎರಡು ಠಾಣೆಗಳಲ್ಲಿ ಗೇಟು ಮುಚ್ಚಿತೆಂದರೆ ಪ್ರಯಾಣಿಕನು ಬೆಳಗಾಗುವುದನ್ನೇ ಕಾಯಬೇಕು. ಸಂಜೆ 8 ಗಂಟೆಗೆ ಗುಂಡ್ಲುಪೇಟೆಯಲ್ಲಿ ತಿಂಡಿಗೆ ಕುಳಿತವನಿಗೆ ಅರ್ಧ ಗಂಟೆಯ ವಿಳಂಬವು ಒಂದು ರಾತ್ರಿಯನ್ನೇ ನುಂಗಬಲ್ಲದು.

ಇಂತಹ ಊರಿನ ಸಣ್ಣ ಹೋಟೆಲಿಗೆ ಗಿರಾಕಿಗಳು ಹನಿಹನಿಯಾಗಿ ಬರುವುದಿಲ್ಲ. ಮಳೆಗಾಲದ ಹಳ್ಳದಂತೆ ಒಮ್ಮೆಲೇ ನುಗ್ಗುತ್ತಾರೆ. ಆಗ ಮಾಲೀಕನು ಮಾಣಿಗಳನ್ನು ಗದರುವುದುಂಟು. ಪಾಪ, ತಪ್ಪು ಅವರದಲ್ಲ. ಹಂಚಿನ ಮೇಲೆ ಒಮ್ಮೆಗೆ 6 ದೋಸೆಗಳು ಬೇಯುತ್ತವೆ, ಅದಕ್ಕೆ 4 ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. 40 ಮಂದಿ ಒಟ್ಟಿಗೆ ದೋಸೆ ಕೇಳಿದರೆ ಹಂಚು 7 ಬಾರಿ ತುಂಬಬೇಕು. ಕೊನೆಯವನಿಗೆ ದೋಸೆ ಸಿಗುವುದು 28 ನಿಮಿಷಗಳ ಬಳಿಕ. ಇನ್ನೂ ನಾಲ್ವರು ಮಾಣಿಗಳನ್ನು ನೇಮಿಸಿದರೂ ದೋಸೆ ಬೇಗ ಬೇಯದು. ಆದರೆ 22 ಮಂದಿಗೆ ಹಬೆಯಲ್ಲಿ ಸಿದ್ಧವಾಗಿರುವ ಇಡ್ಲಿಯನ್ನು ಒಪ್ಪಿಸಿದರೆ ಉಳಿದ 18 ದೋಸೆಗಳು 12 ನಿಮಿಷಗಳಲ್ಲಿ ಮುಗಿಯುತ್ತವೆ. ಹಂಚೂ ಅದೇ, ಅಡುಗೆಯವನೂ ಅವನೇ!

ಕಾಯುವಿಕೆಯನ್ನು ಹೀಗೆ ಲೆಕ್ಕಕ್ಕೆ ತಂದ ಮೊದಲಿಗರಲ್ಲಿ ಎರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞನು ಒಬ್ಬನು. ಕೋಪನ್‌ಹೇಗನ್ನಿನ ದೂರವಾಣಿ ಸಂಸ್ಥೆಯಲ್ಲಿದ್ದ ಆತನು ಕರೆಗಳ ದಟ್ಟಣೆಯನ್ನು ಕುರಿತು 1909ರಲ್ಲಿ ಲೇಖನವನ್ನು ಪ್ರಕಟಿಸಿದನು. ನಮ್ಮ ಅಡುಗೆಯವರು ಲೇಖನ ಬರೆಯಲಿಲ್ಲ. ಕೈಯಲ್ಲಿ ಮಾಡಿ ತೋರಿಸಿದರು. ಮಂಡ್ಯ ಜಿಲ್ಲೆಯ ಇನ್ನೊಂದು ಮದ್ದೂರಿನಲ್ಲಿ, ರೈಲು ವೇಳೆಗೆ ಮುಂಚೆ ಬಂದುದರಿಂದ ಪಕೋಡ ಕರಿಯಲು ಸಮಯವಿಲ್ಲದೆ, ಹಿಟ್ಟನ್ನು ಚಪ್ಪಟೆಯಾಗಿ ತಟ್ಟಿ ಕರಿದುದರಿಂದ ಮದ್ದೂರು ವಡೆ ಹುಟ್ಟಿತೆಂದು ಜನರು ಹೇಳುತ್ತಾರೆ. ಬೆಂಗಳೂರಿನಲ್ಲಿ 1983ರಲ್ಲಿ ಆರಂಭವಾದ ದರ್ಶಿನಿಯು ಮತ್ತೊಂದು ಉಪಾಯವನ್ನು ಕಂಡುಕೊಂಡಿತು: ಮೊದಲೇ ಹಣ ಕೊಟ್ಟು ಚೀಟಿ ಪಡೆದವನು ತಾನೇ ತಟ್ಟೆಯನ್ನು ಎತ್ತಿಕೊಂಡು ನಿಂತು ತಿನ್ನುವನು. ಮಾಣಿಗಾಗಿ, ಬಿಲ್ಲಿಗಾಗಿ, ಕುರ್ಚಿಗಾಗಿ ಕಾಯುವ ಮಾತೇ ಇಲ್ಲ. ಆದರೆ ಮಕ್ಕಳು ಮುದುಕರೊಡನೆ ದೂರದಿಂದ ದಣಿದು ಬಂದವರನ್ನು ನಿಲ್ಲಿಸಿ ಉಣಿಸುವುದು ಗುಂಡ್ಲುಪೇಟೆಗೆ ಅಷ್ಟಾಗಿ ಒಪ್ಪದು.

ಜಿಲ್ಲಾ ಕೇಂದ್ರವಾದ ಚಾಮರಾಜನಗರದ ಕಚೇರಿಗಳ ಸುತ್ತಣ ಹೋಟೆಲುಗಳಿಗೆ ಮಧ್ಯಾಹ್ನದ ವಿರಾಮ ಯಾವಾಗ ಎಂಬುದು ಗೊತ್ತು. ಅಷ್ಟರೊಳಗೆ ಅನ್ನ, ಸಾರು ಇಳಿದಿರುತ್ತವೆ. ಗುಂಡ್ಲುಪೇಟೆಗೂ ಗೇಟಿನ ವೇಳೆ ಗೊತ್ತು. ಪಲ್ಯ, ಚಟ್ನಿಗಳು 7 ಗಂಟೆಗೇ ಸಿದ್ಧವಿರಬಹುದು. ಇಡ್ಲಿಯ ಅಟ್ಟವನ್ನು ಒಲೆಯ ಮೇಲಿರಿಸಬಹುದು. ದೋಸೆಯನ್ನು ಮಾತ್ರ ಮೊದಲೇ ಹೊಯ್ದಿಡಬಾರದು. ತೊಗಲಿನಂತಾದ ದೋಸೆಯನ್ನು ಕೊಡುವುದಕ್ಕಿಂತ ಕಾಯಿಸುವುದೇ ಮೇಲು.

ಕಾಯಿಸುವುದು ಅನಿವಾರ್ಯವಾದಾಗ ನಿಜವನ್ನು ನುಡಿಯಬೇಕು. “ಇದೋ ಬಂತು” ಎಂಬ ಮಾತನ್ನು ಹಸಿದವನು ಎರಡು ಬಾರಿ ನಂಬುವುದಿಲ್ಲ. “ದೋಸೆಗೆ ಇಪ್ಪತ್ತು ನಿಮಿಷ, ಇಡ್ಲಿ ಈಗಲೇ” ಎಂದರೆ ಅವನು ಗಡಿಯಾರವನ್ನು ನೋಡಿಕೊಳ್ಳುತ್ತಾನೆ, ಗೇಟಿನ ದೂರವನ್ನು ಎಣಿಸುತ್ತಾನೆ. ಒಬ್ಬನು ಇಡ್ಲಿಯನ್ನು ಕಟ್ಟಿಸಿಕೊಂಡು ಹೊರಡುತ್ತಾನೆ. ಊರಿನಲ್ಲೇ ಉಳಿಯುವವನು ದೋಸೆಗೆಂದು ನೆಮ್ಮದಿಯಾಗಿ ಕೂರುತ್ತಾನೆ.