ಗೋಬರ್ ಅನಿಲದ ಬಗ್ಗಡವನ್ನು ಗೊಬ್ಬರವಾಗಿ ಉಪಯೋಗಿಸುವ ಕ್ರಮ

ಸಗಣಿಯು ಬೇಸಾಯದ ಮೂಲಧನ. ಅದನ್ನು ಬೆರಣಿ ತಟ್ಟಿ ಉರಿಸಿದರೆ ಸಾರಜನಕವು ಹೊಗೆಯೊಡನೆ ಹೋಗಿ, ಬೂದಿಯಲ್ಲಿ ಪೊಟ್ಯಾಷ್ ಮೊದಲಾದ ಖನಿಜಾಂಶಗಳು ಮಾತ್ರ ಉಳಿಯುವುವು. ಒಲೆಯೂ ಉರಿಯಬೇಕು, ಹೊಲವೂ ಫಲಿಸಬೇಕು ಎಂಬ ತೊಡಕಿಗೆ ಗೋಬರ್ ಅನಿಲದ ತೊಟ್ಟಿಯು ಪರಿಹಾರ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1939ರಲ್ಲಿ ಎಸ್. ವಿ. ದೇಸಾಯಿಯವರು ಇದರ ಪ್ರಯೋಗಗಳನ್ನು ನಡೆಸಿದರು. ಆದರೆ ಅನಿಲವನ್ನು ಮಾತ್ರ ಪಡೆದು, ತೊಟ್ಟಿಯಿಂದ ಹೊರಬರುವ ಬಗ್ಗಡವನ್ನು ಚರಂಡಿಗೆ ಬಿಡುವ ರೈತನು ಗೊಬ್ಬರವನ್ನು ಕಳೆದುಕೊಳ್ಳುವುದಲ್ಲದೆ ಊರಿನ ನೀರನ್ನೂ ಕೆಡಿಸುವನು.

ಬಗ್ಗಡದ ಗುಣ.— ಸಮಭಾಗ ನೀರಿನಲ್ಲಿ ಕದಡಿದ ಸಗಣಿಯು ಗಾಳಿಯಾಡದ ತೊಟ್ಟಿಯಲ್ಲಿ ಕಳಿಯುವಾಗ, ಸೂಕ್ಷ್ಮಜೀವಿಗಳು ಅದರ ಇಂಗಾಲದ ಒಂದು ಭಾಗವನ್ನು ಮೀಥೇನ್ ಮತ್ತು ಇಂಗಾಲಾಮ್ಲ ಅನಿಲಗಳಾಗಿ ಮಾರ್ಪಡಿಸುವುವು. ಸಾರಜನಕ, ರಂಜಕ, ಪೊಟ್ಯಾಷ್‌ಗಳು ಬಹುತೇಕ ಬಗ್ಗಡದಲ್ಲಿಯೇ ಉಳಿಯುವುವು. ಸಾರಜನಕದ ಒಂದಂಶವು ಪೈರು ಬೇಗನೆ ಹೀರಿಕೊಳ್ಳಬಲ್ಲ ಅಮೋನಿಯ ರೂಪಕ್ಕೆ ತಿರುಗುವುದು. ದುರ್ವಾಸನೆಯೂ ನೊಣದ ಕಾಟವೂ ಕಡಮೆಯಾಗುವುವು. ಅನೇಕ ಕಳೆಬೀಜಗಳು ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುವು.

ಉಪಯೋಗಿಸುವ ಕ್ರಮ.—
1. ನೀರಾವರಿ ಜಮೀನಿನಲ್ಲಿ ಹಸಿ ಬಗ್ಗಡವನ್ನು ಕಾಲುವೆಯ ನೀರಿನೊಡನೆ ಸ್ವಲ್ಪ ಸ್ವಲ್ಪವಾಗಿ ಹಾಯಿಸುವುದು ಉತ್ತಮ.
2. ಖುಷ್ಕಿ ಹೊಲಕ್ಕೆ ಹಾಕಿದ ಬಗ್ಗಡವನ್ನು ಕೂಡಲೆ ಉತ್ತು ಮಣ್ಣಿನಲ್ಲಿ ಸೇರಿಸತಕ್ಕದ್ದು. ಮೇಲೆಯೇ ಬಿಟ್ಟರೆ ಅಮೋನಿಯವು ಗಾಳಿಗೆ ಹಾರಿಹೋಗುವುದು.
3. ಬಗ್ಗಡದಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ ದೂರಕ್ಕೆ ಸಾಗಿಸುವುದು ಕಷ್ಟ. ಅಂತಹ ಕಡೆ ಗುಂಡಿಯಲ್ಲಿ ಒಣ ಎಲೆ, ಕಸಕಡ್ಡಿಗಳನ್ನು ಒಂದು ಪದರವಾಗಿ ಹರಡಿ, ಅದರ ಮೇಲೆ ಬಗ್ಗಡವನ್ನು ಸುರಿದು, ಹೀಗೆಯೇ ಗುಂಡಿ ತುಂಬಿಸಿ ಮಣ್ಣು ಮುಚ್ಚಬೇಕು. ಕಸವು ದ್ರವವನ್ನು ಹೀರಿಕೊಂಡು, ತಾನೂ ಕಳಿತು ಗೊಬ್ಬರವಾಗುವುದು.

ಪ್ರಮಾಣ.— ಒಣಗಿಸಿದ ಬಗ್ಗಡವು ಖುಷ್ಕಿ ಜಮೀನಿಗೆ ಎಕರೆಗೆ ಸುಮಾರು 2 ಟನ್, ನೀರಾವರಿ ಜಮೀನಿಗೆ 4 ಟನ್ ಸಾಕಾಗುವುದು.

ಎಚ್ಚರಿಕೆ.— ಬಗ್ಗಡವನ್ನು ಬಿಸಿಲಿನಲ್ಲಿ ಒಣಗಿಸಬಾರದು. ಒಣಗಿಸಲೇಬೇಕಾದರೆ ನೆರಳಿನಲ್ಲಿ ಒಣಗಿಸುವುದು ಲೇಸು. ಎಳೆಯ ಸಸಿಗಳ ಬುಡಕ್ಕೆ ನೀರು ಬೆರಸದೆ ಸುರಿಯಬಾರದು. ತೊಟ್ಟಿಯಲ್ಲಿ ಎಲ್ಲ ರೋಗಾಣುಗಳೂ ಸಾಯುವುದಿಲ್ಲ. ಆದಕಾರಣ ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳ ಮೇಲೆ ಚೆಲ್ಲಬಾರದು. ಬಗ್ಗಡದ ಗುಂಡಿಯು ಕುಡಿಯುವ ನೀರಿನ ಬಾವಿಯಿಂದ ದೂರವಿರತಕ್ಕದ್ದು.

ಒಂದೇ ವರ್ಷದಲ್ಲಿ ಭೂಮಿಯು ಬದಲಾಗುವುದಿಲ್ಲ. ವರ್ಷ ವರ್ಷವೂ ತಪ್ಪದೆ ಹಾಕುತ್ತ ಬಂದರೆ ಮರಳುಭೂಮಿಯು ತೇವವನ್ನು ಹಿಡಿದಿಡುವುದು, ಜಿಗುಟುಭೂಮಿಯು ಸಡಿಲವಾಗುವುದು. ಹೊಲದಿಂದ ಬಂದುದನ್ನು ಹೊಲಕ್ಕೆ ಹಿಂದಿರುಗಿಸಿದ ರೈತನಿಗೆ ಭೂಮಿಯು ಸಾಲವುಳಿಸಿಕೊಳ್ಳುವುದಿಲ್ಲ.